ಹೊಸ ಕ್ಯಾಮೆರಾ ತಗೊಳ್ಳೋದೋ, ಹಳೇ ನೆಗೆಟಿವ್ ಸ್ಕ್ಯಾನ್ ಮಾಡೋದೋ: ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಬಾಗಲಕೋಟಿ ನವನಗರದಾಗ ಮನ್ಯಾಗ ಕುಂತು ಹಳೇ ನೆಗೆಟಿವ್, ಪ್ರಿಂಟು ಸ್ಕ್ಯಾನ್ ಮಾಡತೀನಿ, ಬಿಡುವಾದಾಗ ಕ್ಯಾಮೆರಾ ಹಿಡಕೊಂಡು ಬಾದಾಮಿ, ಐಹೊಳಿ ಕಡೆ ಹೋಗತೀನಿ. ಮದುವ್ಯಾಗ ಸಿಕ್ಕೋರು, ಫೋನ್ ಮಾಡೋರು, ವಾಟ್ಸಾಪಿಗೆ ಬರಿಯೋರು ಎಲ್ಲಾರೂ ಸುತ್ತಾಡಿ ಅವ ಪ್ರಶ್ನೆ ಕೇಳತಾರ. ಅವರು ಕೇಳಿದ ಮಾತಿನಾಗ ಪ್ರಶ್ನೆ ಇಟ್ಟೀನಿ, ಮೊದಲ ಸಾದಾ ಪ್ರಶ್ನೆ, ಆಮ್ಯಾಲೆ ಕೈಗೆ ಕೆಲಸ ಹಚ್ಚಿಕೊಂಡೋರ ಪ್ರಶ್ನೆ.

## ಶುರು ಮಾಡೋ ಮೊದಲ

ಅಣ್ಣಾ, ರೊಕ್ಕ ಒಂದಕ್ಕ ಅಷ್ಟ ಐತಿ. ಹೊಸ ಡಿಜಿಟಲ್ ಕ್ಯಾಮೆರಾ ತಗೊಳ್ಳಲೋ, ಅಪ್ಪಾಜಿ ಕಾಲದ ನೆಗೆಟಿವ್ ಸ್ಕ್ಯಾನ್ ಮಾಡಿಸಲೋ?

ಮೊದಲ ಸ್ಕ್ಯಾನ್. ಕ್ಯಾಮೆರಾ ಮುಂದಿನ ವರ್ಷಾನೂ ಅಂಗಡ್ಯಾಗ ಇರತೈತಿ, ಆದ್ರ ಕಲರ್ ನೆಗೆಟಿವ್ ಮ್ಯಾಲಿನ ಬಣ್ಣ ಮುಂದಿನ ವರ್ಷಕ್ಕ ಇನ್ನೊಂದೀಟು ಇಳದಿರತೈತಿ, ಅದು ತಿರುಗಿ ಬರಂಗಿಲ್ಲ. ನಮ್ ಊರಾಗ ಇದನ್ನ ಬಿಡಿಸಿ ಹೇಳೋ ಜರೂರೇ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿಯ ಎಷ್ಟೋ ಓಣಿ ಹೋದವು, ಮಂದಿ ಸಾಮಾನು ಕಟ್ಟಿಕೊಂಡು ನವನಗರಕ್ಕ ಬಂದ್ರು, 2005ರಾಗ ಅಣೆಕಟ್ಟಿನ ಕೆಲಸ ಮುಗೀತು. ಆ ಓಣಿ, ಆ ಕಟ್ಟಿ, ಆ ತಲಬಾಗಲ ಇವತ್ತು ಎಷ್ಟು ಲಕ್ಷದ ಕ್ಯಾಮೆರಾ ತಂದ್ರೂ ತಗಿಯಾಕ ಬರಂಗಿಲ್ಲ, ಅವು ಇರೋದು ನೆಗೆಟಿವ್‌ನ್ಯಾಗ ಅಷ್ಟ. ಒಬ್ಬ ಅಕ್ಕಾರು ಮದುವಿ ಫೋಟೋ ಅಂತ ತಂದುಕೊಟ್ಟ ರೋಲಿನಾಗ ಮದುಮಕ್ಕಳ ಹಿಂದ ಅವರ ತವರಮನಿ ಪಡಸಾಲಿ ಪೂರ್ತಿ ಬಂದಿತ್ತು. ಸ್ಕ್ಯಾನ್ ಮಾಡಿ ತೋರಿಸಿದ್ರ ಮದುಮಕ್ಕಳನ್ನ ಬಿಟ್ಟು ಆ ಕಂಬ, ಆ ಗೂಡು ದೊಡ್ಡದ ಮಾಡಿ ಮಾಡಿ ನೋಡಕೋಂತ ಕುಂತ್ರು.

ಮನ್ಯಾಗ ಕೂಸು ಹುಟ್ಟೈತಿ, ಅಜ್ಜಗ ವಯಸ್ಸಾಗೈತಿ, ಅವರ ಫೋಟೋ ಈಗ ಬೇಕು ಅಂದ್ರ ಕಿಸೇದಾಗಿನ ಮೊಬೈಲ್ ಸಾಕು, ಕ್ಯಾಮೆರಾಕ್ಕ ಕಾಯಬ್ಯಾಡ್ರಿ.

ಆಲ್ಬಂ ತಗದು ಮೊಬೈಲ್‌ನ್ಯಾಗ ಫೋಟೋದ ಫೋಟೋ ಹೊಡಕೊಂಡ್ರ ಆಗಂಗಿಲ್ಲೇನು?

ಏನೂ ಇಲ್ಲದ್ದಕ್ಕಿಂತ ಸಾವಿರ ಪಾಲು ಮೇಲು. ಪ್ರಿಂಟ್ ಅಷ್ಟ ಉಳದಿದ್ರ, ಆಲ್ಬಂ ಬ್ಯಾರೆಯವರ ಮನ್ಯಾಗಿದ್ರ ಅಲ್ಲೇ ಹೊಡಕೊಂಡ ಬರ್ರಿ. ಟ್ಯೂಬಲೈಟ್ ಆರಿಸಿ ಕಿಟಕಿ ಹತ್ರ ನೆರಳಿನ ಬೆಳಕಿನಾಗ ಇಡ್ರಿ, ಪ್ಲಾಸ್ಟಿಕ್ ಹಾಳಿಯಿಂದ ಹೊರಗ ತಗೀರಿ, ಮೊಬೈಲ್ ನೇರ ಮ್ಯಾಲಿಂದ ಹಿಡೀರಿ. ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ನಾಕು ಮೂಲಿಯಿಂದ ಮತ್ತ ಹೊಡಿಸಿ ಹೊಳಪು ತಗೀತೈತಿ, ಮಿರಿಮಿರಿ ಪ್ರಿಂಟಿಗೆ ಅದು ಅನಕೂಲ. ಆದ್ರ ಇದನ್ನ ಸ್ಕ್ಯಾನ್ ಆತು ಅಂತ ತಿಳಕೊಂಡು ನೆಗೆಟಿವ್ ಒಗೀಬ್ಯಾಡ್ರಿ. ಅಟ್ಟ ಸ್ವಚ್ಛ ಮಾಡುವಾಗ ನೆಗೆಟಿವ್ ಕವರ್ ಕಸಕ್ಕ ಹಾಕಿದ ಮನಿ ನಾ ಭಾಳ ಕಂಡೀನಿ, ಕೇಳಿದಾಗೆಲ್ಲಾ ಹೊಟ್ಟಿಯೊಳಗ ಸಂಕಟ ಆಗತೈತಿ.

ಪ್ರಿಂಟೂ ಐತಿ ನೆಗೆಟಿವ್ವೂ ಐತಿ, ಯಾವುದನ್ನ ಕೊಡಲಿ?

ನೆಗೆಟಿವ್. ಪ್ರಿಂಟ್ ಅನ್ನೋದು ಆಗಿನ ಸ್ಟುಡಿಯೋದವರು ನೆಗೆಟಿವ್‌ನಿಂದ ತಗದ ಒಂದು ನಕಲು, ಅದರಾಗ ಅಂಚು ಕತ್ತರಿಸಿರತಾರ, ಬಿಳಿ ಸೀರಿ ಬರೇ ಬಿಳಿ ಆಗಿರತೈತಿ, ನೆರಳು ಬರೇ ಕರಿ ಆಗಿರತೈತಿ. ನೆಗೆಟಿವ್‌ನ್ಯಾಗ ಆ ಸೀರಿಯ ನೆರಿಗಿ ಇನ್ನೂ ಇರತಾವು. ನಮ್ ಕಡೆ ಎಷ್ಟೋ ಮನ್ಯಾಗ ಆಗ್ಫಾ ಕ್ಲಿಕ್ ಥ್ರೀ ಇತ್ತು, ಬಡೋದಾದಾಗ ತಯಾರಾಗತಿದ್ದ ಸಾದಾ ಕ್ಯಾಮೆರಾ, 120 ಅನ್ನೋ ಅಗಲಾದ ರೋಲಿಗೆ 12 ಫೋಟೋ. ಅದರ ನೆಗೆಟಿವ್ ಸುಮಾರು 56 ಮಿಲಿಮೀಟರಿನ ಚೌಕ. ಸಾದಾ 35 ಎಂಎಂ ರೋಲಿನ ನೆಗೆಟಿವ್ 36 ಗುಣ 24 ಮಿಲಿಮೀಟರ್ ಅಷ್ಟ, ಅಂದ್ರ ಕ್ಲಿಕ್ ಥ್ರೀ ನೆಗೆಟಿವ್ ಮೂರೂವರಿ ಪಟ್ಟಿಗಿಂತ ಜಾಸ್ತಿ ಜಾಗಾದ್ದು. ಮನ್ಯಾಗ ಉಳದಿರೋ ಪ್ರಿಂಟ್ ಮಾತ್ರ ನೆಗೆಟಿವ್ ಅಳತಿದ, ಬೆಂಕಿಪೊಟ್ಟಣಕ್ಕಿಂತ ಒಂದೀಟು ದೊಡ್ಡದು, ಮುಖ ಗುರುತು ಸಿಗಂಗಿಲ್ಲ. ಅಂಥಾ ನೆಗೆಟಿವ್ ಸ್ಕ್ಯಾನ್ ಮಾಡಿ ಗ್ವಾಡಿಗೆ ಹಾಕೋ ಸೈಜಿಗೆ ಪ್ರಿಂಟ್ ಹಾಕಿಸಿದ್ರ ಅಜ್ಜಿ ಮೂಗುತಿ ಹರಳು ಎಣಿಸಬಹುದು. ಪ್ರಿಂಟಿನ ಹಿಂದ ಏನರ ಬರದಿದ್ರ, ಸ್ಟುಡಿಯೋ ಶಿಕ್ಕಾ ಇದ್ರ, ಆ ಬೆನ್ನಿನದೂ ಒಂದು ಸ್ಕ್ಯಾನ್ ಇರ್ಲಿ.

ಕಾಕಾರ ಯಾಶಿಕಾ ಕ್ಯಾಮೆರಾ ಇನ್ನೂ ಚಾಲೂ ಐತಿ. ಅದರಾಗ ರೋಲ್ ಹಾಕಿ ತಗದು ಸ್ಕ್ಯಾನ್ ಮಾಡಿಸಿದ್ರ ಡಿಜಿಟಲ್‌ಗಿಂತ ಚಲೋ ಬರತಾವಂತ, ಖರೇ ಏನ್ರಿ?

ಬ್ಯಾರೆ ಬರತಾವು. ವಿವರ ಲೆಕ್ಕ ಹಾಕಿದ್ರ 35 ಎಂಎಂ ಕಲರ್ ರೋಲಿನ ಸ್ಕ್ಯಾನ್‌ಗಿಂತ ಇವತ್ತಿನ 24 ಮೆಗಾಪಿಕ್ಸೆಲ್ ಡಿಜಿಟಲ್ ಕ್ಯಾಮೆರಾ ಮುಂದ ಐತಿ, ಕತ್ತಲಾಗಂತೂ ಹೋಲಿಕೇನ ಇಲ್ಲ. ರೋಲಿನ ದೊಡ್ಡ ಗುಣ ಅಂದ್ರ ಬೆಳಕು ಜಾಸ್ತಿ ಆದ್ರೂ ತಡಕೋತೈತಿ. ವಿಜಯಪುರದ ಮಧ್ಯಾಹ್ನದ ಬಿಸಲಿನಾಗ ಬಿಳಿ ಧೋತರ, ಬಿಳಿ ಟೋಪಿ ಹಾಕಿದ ಅಜ್ಜನ ಫೋಟೋ ತಗದ್ರ ಡಿಜಿಟಲ್‌ನ್ಯಾಗ ಟೋಪಿ ಸಪಾಟ ಬಿಳಿ ಆಗೋ ಸಂಭವ ಭಾಳ, ಕಲರ್ ನೆಗೆಟಿವ್ ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರ ಎರಡು ಪಟ್ಟು ಬೆಳಕು) ಹೆಚ್ಚಾದ್ರೂ ಸಂಭಾಳಿಸತೈತಿ. ಅದಕ್ಕ ಉಲ್ಟಾ, ಡಿಜಿಟಲ್‌ನ್ಯಾಗ ನೆರಳಿನ ಜಾಗಾ ಆಮ್ಯಾಲೆ ಬೆಳಕ ಮಾಡೋದು ಸುಲಭ, ರೋಲಿನಾಗ ನೆರಳಿಗೆ ಬೆಳಕು ಸಾಲಲಿಲ್ಲಂದ್ರ ಹೋತು. ಅದಕ್ಕ ಡಿಜಿಟಲ್‌ಗೆ ಬಿಳಿ ನೋಡಿ, ರೋಲಿಗೆ ನೆರಳು ನೋಡಿ ಬೆಳಕು ಅಳೀರಿ.

ಖರ್ಚು ಕೇಳ್ರಿ. 36 ಫೋಟೋದ ರೋಲ್, ತೊಳಸೋದು, ಸ್ಕ್ಯಾನ್, ಕೊರಿಯರ್ ಎಲ್ಲಾ ಕೂಡಿಸಿದ್ರ ಒಂದೊಂದ ಸಲ ಗುಂಡಿ ಒತ್ತೋದೂ ರೊಕ್ಕದ ಮಾತು. ನಮ್ ಜಿಲ್ಲಾಗಳಾಗ ಕಲರ್ ರೋಲ್ ತೊಳಿಯೋ ಮಷೀನು ಹಿಂದ ಊರಿಗೆರಡು ಇದ್ದವು, ಈಗ ಬೆಂಗಳೂರು, ಮುಂಬೈ ಕಡೆ ಕಳಿಸೋದ ದಾರಿ. ಬ್ಲ್ಯಾಕ್ ಅಂಡ್ ವೈಟ್ ಮನ್ಯಾಗ ತೊಳಿಬಹುದು, ಅದಕ್ಕ ಸಾಮಾನ್ಯವಾಗಿ 20 ಡಿಗ್ರಿ ನೀರು ಬೇಕು, ನಮ್ ಬ್ಯಾಸಗ್ಯಾಗ ಟಾಕಿ ನೀರು ಅದಕ್ಕಿಂತ ಭಾಳ ಕಾದಿರತೈತಿ, ಬೋಗಾಣಿಗೆ ಬರ್ಫ ಹಾಕ್ಕೊಂಡ ಕುಂದ್ರಬೇಕು. ಕಲರಿನ ಸಿ-41 ಪದ್ಧತಿಗೆ 38 ಡಿಗ್ರಿ ಹತ್ರ ನೀರು, ಡೆವಲಪರ್ ಅನ್ನೋ ಚಿತ್ರ ಎಬ್ಬಿಸೋ ರಸಾಯನದಾಗ 3 ನಿಮಿಷ 15 ಸೆಕೆಂಡ್, ಅರ್ಧ ಡಿಗ್ರಿ ಹೆಚ್ಚುಕಮ್ಮಿ ಆದ್ರೂ ಬಣ್ಣ ಸರೀತೈತಿ. ಕಲಿಯೋ ಹಂಬಲ ಇದ್ರ ವರ್ಷಕ್ಕ ಎರಡು ರೋಲ್ ಹಾಕ್ರಿ, ನಾನೂ ಹಾಕತೀನಿ, 36ರಾಗ ಒಂದೊಂದನ್ನ ಯೋಚನಿ ಮಾಡಿ ತಗಿಯೋ ಶಿಸ್ತು ಕಣ್ಣಿಗೆ ಒಳ್ಳೇದು. ಮಕ್ಕಳ ಜವಳ, ಮದುವಿ ಇಂಥಾವೆಲ್ಲಾ ರೋಲ್ ಮ್ಯಾಲೆ ಬಿಡಬ್ಯಾಡ್ರಿ.

ಹೋಳಿ, ಜಾತ್ರಿ, ಗೋಳಗುಮ್ಮಟ ಇಂಥಾವಕ್ಕ ಯಾವ ಕ್ಯಾಮೆರಾ?

ಡಿಜಿಟಲ್. ಗೋಳಗುಮ್ಮಟದ ಒಳಗ ಬೆಳಕು ಕಮ್ಮಿ, 200 ಐಎಸ್ಒ (ಬೆಳಕು ಹಿಡಿಯೋ ಚುರುಕಿನ ಅಳತಿ) ರೋಲಿನಾಗ ಕೈಲೇ ಹಿಡದು ತಗದ್ರ ನಡಗತೈತಿ, ಡಿಜಿಟಲ್‌ನ್ಯಾಗ 3200ಕ್ಕ ಏರಿಸಿ ಮುಂದ ಹೋಗಬಹುದು. ಸಿದ್ಧೇಶ್ವರ ಜಾತ್ರಿಯ ಮದ್ದು ಸುಡೋ ರಾತ್ರಿಗೂ ಅದ ಮಾತು. ನಮ್ ಬಾಗಲಕೋಟಿ ಹೋಳಿಗೆ ಮಾತ್ರ ಚಲೋ ಕ್ಯಾಮೆರಾ ಹೊರಗ ತಗೀಬ್ಯಾಡ್ರಿ, ಬಣ್ಣದ ಬಂಡಿ ಬಂದಾಗ ಯಾವ ಪ್ಲಾಸ್ಟಿಕ್ ಕವರೂ ಉಳಿಸಂಗಿಲ್ಲ, ಮಾಳಗಿ ಮ್ಯಾಲಿಂದ ತಗೀರಿ.

2004ರಾಗ ತಗದ ಡಿಜಿಟಲ್ ಫೋಟೋ ಸಿಡಿಯೊಳಗ ಅದಾವು, ಅವು ಸುರಕ್ಷಿತ ಅಲ್ಲೇನು?

ಅಲ್ಲ, ಇವತ್ತ ಕಾಪಿ ಮಾಡ್ರಿ. ಮನ್ಯಾಗ ಬರ್ನ್ ಮಾಡಿದ ಸಿಡಿಯೊಳಗಿನ ಬಣ್ಣದ ಪದರ ಶಾಖಕ್ಕ ಕೆಡತೈತಿ, ಕೆಟ್ಟ ಮ್ಯಾಲೆ ಡ್ರೈವ್ ಓದಂಗಿಲ್ಲ. 1985ರ ನೆಗೆಟಿವ್ ಅರ್ಧ ಕೆಟ್ಟಿದ್ರೂ ಬೆಳಕಿಗೆ ಹಿಡದ್ರ ಮುಖ ಕಾಣತೈತಿ, ಸಿಡಿ ಕೆಟ್ರ ಏನೂ ಕಾಣಂಗಿಲ್ಲ. ನನ್ನ ಕಡೆ ಬಂದ ಕುಟುಂಬಗಳಾಗ ಭಾಳ ಫೋಟೋ ಕಳಕೊಂಡದ್ದು ಈ 2002ರಿಂದ 2010ರ ನಡುವಿಂದ, ರೋಲ್ ಬಿಟ್ಟು ಡಿಜಿಟಲ್‌ಗೆ ಬಂದ ಹೊಸದ್ರಾಗ.

## ಸ್ಕ್ಯಾನ್ ಮಾಡಾಕ ಕುಂತಾಗ

ಡಿಪಿಐ ಎಷ್ಟಿಡಬೇಕು? ಎಲ್ಲಾದಕ್ಕಿಂತ ದೊಡ್ಡ ನಂಬರ್ ಇಟ್ರ ಛಲೋ ಅಲ್ಲ?

ಅಲ್ಲ. ಡಿಪಿಐ ಅಂದ್ರ ಒಂದು ಇಂಚಿನಾಗ ಸ್ಕ್ಯಾನರ್ ಎಷ್ಟು ಚುಕ್ಕಿ ಓದತೈತಿ ಅನ್ನೋದು. ಪ್ರಿಂಟಿಗೆ 600 ಸಾಕು, ಸಾದಾ ಲ್ಯಾಬ್ ಪ್ರಿಂಟಿನಾಗ 300ಕ್ಕಿಂತ ಹೆಚ್ಚಿಗಿ ವಿವರ ಇರೋದ ಕಮ್ಮಿ, 600 ಇಟ್ರ ದೊಡ್ಡದ ಮಾಡಾಕ ಕೈಯಾಗ ಒಂದೀಟು ಜಾಗಾ ಇರತೈತಿ. 4 ಗುಣ 6 ಇಂಚಿನ ಫೋಟೋ 600ರಾಗ 2400 ಗುಣ 3600 ಪಿಕ್ಸೆಲ್ ಆಗತೈತಿ. ಪಾಸ್‌ಪೋರ್ಟ್ ಸೈಜಿಂದ ಇದ್ರ 1200 ಇಡ್ರಿ.

35 ಎಂಎಂ ನೆಗೆಟಿವ್ 2400ರಾಗ ಸುಮಾರು 7.7 ಮೆಗಾಪಿಕ್ಸೆಲ್, 4000ದಾಗ ಸುಮಾರು 21. ಕಾಗದದ ಮ್ಯಾಲೆ ಲೆಕ್ಕ ಹಿಂಗ, ಆದ್ರ ಮನಿ ಬಳಕಿ ಫ್ಲ್ಯಾಟ್‌ಬೆಡ್ (ಗಾಜಿನ ಮ್ಯಾಲೆ ಮಲಗಿಸಿ ಓದೋ) ಸ್ಕ್ಯಾನರಿನ ಡಬ್ಬಿ ಮ್ಯಾಲೆ 6400 ಅಂತ ಬರದಿದ್ರೂ ಲೆನ್ಸಿಗೆ ಕಾಣೋ ಖರೇ ವಿವರ 2000ದ ಆಸುಪಾಸಿಗೆ ನಿಲ್ಲತೈತಿ. ಮ್ಯಾಲಿಂದೆಲ್ಲಾ ಫೈಲ್ ಉಬ್ಬಸೋದು ಅಷ್ಟ, ಒಂದೊಂದ ಫ್ರೇಮಿಗೆ ನಿಮಿಷಗಟ್ಟಲೆ ಕಾಯೋದು. ಫ್ಲ್ಯಾಟ್‌ಬೆಡ್‌ನ್ಯಾಗ 2400 ಅಥವಾ 3200 ಇಟ್ಟು ಮುಂದ ನಡೀರಿ. 120 ನೆಗೆಟಿವ್ 2400ಕ್ಕ 28 ಮೆಗಾಪಿಕ್ಸೆಲ್ ಆಗತೈತಿ, ಅದಕ್ಕ ಇನ್ನೇನು ಬೇಕು.

ಸ್ಕ್ಯಾನರ್ ತಗೊಳ್ಳಲೋ, ಕ್ಯಾಮೆರಾಲೇ ನೆಗೆಟಿವ್ ಹೊಡಿಲೋ?

ಈ ಪ್ರಶ್ನೆ ಬಂದಾಗ ನನಗ ಖುಷಿ ಆಗತೈತಿ, ಯಾಕಂದ್ರ ಮೊದಲನೇ ಪ್ರಶ್ನೆಯ ಜಗಳ ಇಲ್ಲಿ ಬಗಿಹರೀತೈತಿ: ಒಂದು ಚಲೋ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ತಗೊಂಡು ಅದನ್ನ ಸ್ಕ್ಯಾನರ್ ಮಾಡಿಕೊಂಡ್ರ ಎರಡೂ ಆತು.

ನಾ ಇಟಗೊಂಡಿರೋದು ಹಳೇ ನಿಕಾನ್ ಡಿ7200, 24 ಮೆಗಾಪಿಕ್ಸೆಲ್, ಅದಕ್ಕ ಕೈಲೇ ಫೋಕಸ್ ಮಾಡೋ 55 ಎಂಎಂ ಮೈಕ್ರೋ ನಿಕಾರ್ ಲೆನ್ಸು. ಆ ಲೆನ್ಸು ಎದುರಿನ ವಸ್ತುವನ್ನ ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಮ್ಯಾಲೆ ಅರ್ಧ ಅಳತಿ ಮಟ ಅಷ್ಟ ಮೂಡಸತೈತಿ, ಹಿಂಗಾಗಿ 35 ಎಂಎಂ ನೆಗೆಟಿವ್ ಪೂರ್ತಿ ಸೆನ್ಸರ್ ತುಂಬಂಗಿಲ್ಲ, ಕತ್ತರಿಸಿದ ಮ್ಯಾಲೆ 14 ಮೆಗಾಪಿಕ್ಸೆಲ್ ಉಳೀತೈತಿ, ಲೆನ್ಸಿಗೂ ಕ್ಯಾಮೆರಾಕ್ಕೂ ನಡುವ ಎಕ್ಸ್‌ಟೆನ್ಶನ್ ಟ್ಯೂಬ್ ಅನ್ನೋ ಕೊಳವಿ ಹಾಕಿದ್ರ ಪೂರಾ ತುಂಬತೈತಿ. ಕೆಳಗ ಬಿಳಿ ಎಲ್ಇಡಿ ಲೈಟ್ ಪ್ಯಾನಲ್, ಸಿಆರ್‌ಐ (ಬಣ್ಣ ಎಷ್ಟು ಖರೇ ಕಾಣತೈತಿ ಅನ್ನೋ ಅಂಕಿ) 95ರ ಮ್ಯಾಲಿಂದು ಇರಬೇಕು, ಅಗ್ಗದ ಲೈಟಿನಾಗ ಕೆಂಪು ಸರಿ ಬರಂಗಿಲ್ಲ. ನೆಗೆಟಿವ್ ಸಪಾಟ ಹಿಡಿಯಾಕ ಹೋಲ್ಡರ್, ಮ್ಯಾಲಿಂದ ಕ್ಯಾಮೆರಾ ಕೆಳಗ ಮುಖ ಮಾಡಿ ನಿಲ್ಲಸಾಕ ಸ್ಟ್ಯಾಂಡ್. ಕ್ಯಾಮೆರಾನೂ ನೆಗೆಟಿವ್ವೂ ಒಂದಕ್ಕೊಂದು ಸಮಾನಾಂತರ ಐತೋ ಇಲ್ಲೋ ನೋಡಾಕ ನೆಗೆಟಿವ್ ಜಾಗಾದಾಗ ಸಣ್ಣ ಕನ್ನಡಿ ಇಡ್ರಿ, ಕ್ಯಾಮೆರಾದಾಗ ನೋಡಿದ್ರ ಫ್ರೇಮಿನ ನಟ್ಟನಡೂಕ ಲೆನ್ಸಿನ ಬಿಂಬ ಕಂಡ್ರ ಸರಿ ಐತಿ. ಲೆನ್ಸಿನ ಕಿಂಡಿ ಎಫ್8, ಅತೀ ಕಮ್ಮಿ ಐಎಸ್ಒ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್), ಎರಡು ಸೆಕೆಂಡಿನ ಟೈಮರ್, ಕೋಣಿ ಕತ್ತಲಿ. ಎಲ್ಲಾ ಹೊಂದಿಸಿ ಕುಂತ್ರ 36ರ ರೋಲ್ ಹತ್ತು ನಿಮಿಷದ ಕೆಲಸ. ಮೊಬೈಲ್ ಸ್ಕ್ರೀನನ್ನ ಲೈಟ್ ಮಾಡಿಕೊಳ್ಳೋರು ಅದರ ಮ್ಯಾಲೆ ನೇರ ನೆಗೆಟಿವ್ ಇಟ್ರ ಸ್ಕ್ರೀನಿನ ಚುಕ್ಕಿ ಬರತಾವು, ನಾಕು ಬೆರಳು ಎತ್ತರಿಸಿ ನಡುವ ಹಾಲುಬಿಳಿ ಅಕ್ರಿಲಿಕ್ ಹಾಳಿ ಇಡ್ರಿ.

ಫೋಟೋ ತಗಿಯೋ ಹವ್ಯಾಸ ಇಲ್ಲ, ಬರೇ ಮನಿ ಆಲ್ಬಂ ಮತ್ತ ನೆಗೆಟಿವ್ ಮುಗಿಸಬೇಕು ಅನ್ನೋರಿಗೆ ಎಪ್ಸನ್ ವಿ600 ಥರದ, ಮುಚ್ಚಳದಾಗ ಲೈಟ್ ಇರೋ ಫ್ಲ್ಯಾಟ್‌ಬೆಡ್ ಸರಿ, ಪ್ರಿಂಟೂ ಆಗತೈತಿ, 120 ನೆಗೆಟಿವ್ವೂ ಆಗತೈತಿ. ಬರೇ 35 ಎಂಎಂ ಇದ್ರ ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ ಅದಕ್ಕಿಂತ ಚೂಪ, ಆದ್ರ ಒಂದೊಂದ ಫ್ರೇಮ್ ಕೈಲೇ ಸರಸಬೇಕು. ಸಾದಾ ಝೆರಾಕ್ಸ್ ಪ್ರಿಂಟರ್ ಮ್ಯಾಲಿನ ಸ್ಕ್ಯಾನರಿನಾಗ ನೆಗೆಟಿವ್ ಬರಂಗಿಲ್ಲ, ಅದಕ್ಕ ಹಿಂದಿಂದ ಬೆಳಕು ಬೇಕು.

2019ರ ಹೊಳಿ ನೀರಿನಾಗ ಆಲ್ಬಂ ತೊಯ್ದು ಫೋಟೋ ಅಂಟಕೊಂಡಾವ್ರಿ, ಏನರ ಆಗತೈತೇನು?

ಆ ಆಗಸ್ಟ್‌ನ್ಯಾಗ ಮಲಪ್ರಭಾ, ಘಟಪ್ರಭಾ, ಕೃಷ್ಣಾ ದಂಡಿಯ ಮನಿಗಳಿಂದ ಹಿಂಗ ಬಂದ ಆಲ್ಬಂ ಇವತ್ತಿಗೂ ಬರತಾವು. ಒಣಗಿ ಅಂಟಕೊಂಡಿದ್ರ ಜಗ್ಗಬ್ಯಾಡ್ರಿ, ಜಗ್ಗಿದ್ರ ಮುಖಾನ ಕಿತ್ತ ಬರತೈತಿ. ಮೊದಲ ಹೆಂಗೈತೋ ಹಂಗ ಒಂದು ಸ್ಕ್ಯಾನ್ ತಗೋರಿ, ಗಾಜಿಗೆ ಅಂಟಿದ್ರ ಗಾಜಿನ ಸಮೇತ. ಆಮ್ಯಾಲೆ ಲ್ಯಾಬಿನಾಗ ತೊಳದ ಪ್ರಿಂಟ್ ಆಗಿದ್ರ ಸ್ವಚ್ಛ ತಣ್ಣೀರಿನಾಗ ನೆನಸಿ ತಾನ ಬಿಡೂ ಮಟ ಕಾಯ್ರಿ, ಚಿತ್ರದ ಮೈ ಕೈಲೇ ತಿಕ್ಕಬ್ಯಾಡ್ರಿ, ಚಿತ್ರ ಮ್ಯಾಲೆ ಮಾಡಿ ನೆರಳಿನಾಗ ಒಣಗಸ್ರಿ. ಮನ್ಯಾಗಿನ ಇಂಕ್‌ಜೆಟ್ ಪ್ರಿಂಟ್, ಕೈಲೇ ಬಣ್ಣ ಹಚ್ಚಿದ ಹಳೇ ಫೋಟೋ ನೀರಿಗೆ ಹಾಕಬ್ಯಾಡ್ರಿ, ಬಣ್ಣ ಹರೀತೈತಿ.

ಮುಂದ ಮತ್ತ ನೀರು ಬಂತಂದ್ರ: ಹಸಿ ಇದ್ದಾಗ ಎರಡು ದಿನದೊಳಗ ಬಿಡಿಸಿ ತೊಳದು ಒಣಗಸಬೇಕು, ಬುರುಸು ಬರೋದು ಅದಾದ ಮ್ಯಾಲೆ. ಅಷ್ಟ ಟೈಮ್ ಇಲ್ಲಂದ್ರ ಪ್ಲಾಸ್ಟಿಕ್ ಚೀಲದಾಗ ಹಾಕಿ ಫ್ರೀಜರ್‌ನ್ಯಾಗ ಇಟ್ಟುಬಿಡ್ರಿ, ವಾರ ಬಿಟ್ಟು ನಿಧಾನ ಬಿಡಿಸಬಹುದು. ಒದ್ದಿ ನೆಗೆಟಿವ್ ಚಿಮಟಿಗಿಲೇ ಹಗ್ಗಕ್ಕ ತೂಗಹಾಕ್ರಿ.

ನೆಗೆಟಿವ್ ಡಬ್ಬಿ ತೆರದ್ರ ಹುಳಿ ವಾಸನಿ ಬರತೈತಿ, ಯಾಕ?

ಅಸಿಟೇಟ್ ಅನ್ನೋ ಪ್ಲಾಸ್ಟಿಕ್ಕಿನ ಫಿಲ್ಮ್ ತಳಾನ ಕೆಡಾಕ ಹತ್ತೈತಿ, ವಿನೆಗರ್ ವಾಸನಿ ಅದರದ್ದು. ಶಾಖ ಮತ್ತ ತೇವ ಎರಡೂ ಇದನ್ನ ಜೋರ ಮಾಡತಾವು. ತಿರುಗಿ ಸರಿ ಆಗಂಗಿಲ್ಲ, ವಾಸನಿ ಬಂದ ರೋಲ್ ಉಳದವುಗಳಿಂದ ಬ್ಯಾರೆ ಇಡ್ರಿ, ಅದನ್ನ ಎಲ್ಲಕ್ಕಿಂತ ಮೊದಲ ಸ್ಕ್ಯಾನ್ ಮಾಡ್ರಿ, ಸೊಟ್ಟ ಆದ ಮ್ಯಾಲೆ ಹೋಲ್ಡರ್‌ನ್ಯಾಗ ಕುಂದ್ರಂಗಿಲ್ಲ. ತಗಡಿನ ಟ್ರಂಕಿನಾಗ ಅಟ್ಟದ ಮ್ಯಾಲೆ ಇಡೋದು ನಮ್ ಕಡೆ ರೂಢಿ, ವಿಜಯಪುರದ ಬ್ಯಾಸಗ್ಯಾಗ ಆ ಟ್ರಂಕು ಕಾದ ಹಂಚ ಆಗಿರತೈತಿ. ನಡುಮನಿ ಅಲ್ಮಾರಿ ಕೆಳಗಿನ ಖಾನೇದಾಗ ಕಾಗದದ ಕವರಿನಾಗ ಇಡ್ರಿ. ಬೆಳಗಾವಿ, ಖಾನಾಪುರ ಕಡೆಯವರಿಗೆ ಶಾಖಕ್ಕಿಂತ ಮಳಿಗಾಲದ ಬುರುಸು ದೊಡ್ಡ ವೈರಿ, ಅವರು ಸಿಲಿಕಾ ಜೆಲ್ ಹಾಕಿ ಗಟ್ಟಿ ಮುಚ್ಚಳದ ಡಬ್ಬಿ ಮಾಡ್ರಿ. ಬುರುಸು ಹಿಡದ ನೆಗೆಟಿವ್ ನೀರಿಲೇ ಒರಸಬ್ಯಾಡ್ರಿ, ಬುರುಸು ತಿಂದ, ಚಿತ್ರ ಹಿಡದಿರೋ ಜಿಲೆಟಿನ್ ಪದರ ನೀರಿಗೆ ಕರಗಿ ಚಿತ್ರಾನ ಹೋಗತೈತಿ.

ಕ್ಯಾಮೆರಾದಾಗ ಹಳೇ ರೋಲ್ ಹಂಗ ಉಳದೈತಿ, ತೊಳಿಸಿಲ್ಲ. ತಗದು ನೋಡಲ್ಯಾ?

ಹಿಂದಿನ ಬಾಗಲಾ ತೆರಿಬ್ಯಾಡ್ರಿ, ಬೆಳಕು ಬಿದ್ರ ಎಲ್ಲಾ ಹೋತು. 35 ಎಂಎಂ ರೋಲ್ ಇದ್ರ ರಿವೈಂಡ್ ಹಿಡಿಕಿ ಸಡಿಲ ಆಗೂ ಮಟ ತಿರುವಿ, ಆಮ್ಯಾಲೆ ತಗೀರಿ. ರೋಲ್ ಮ್ಯಾಲೆ ಸಿ-41 ಅಂತ ಇದ್ರ ಲ್ಯಾಬಿನವರಿಗೆ ಎಷ್ಟು ವರ್ಷ ಹಳೇದು ಅಂತ ಹೇಳಿ ಕೊಡ್ರಿ. ಮಂಜ ಮಂಜ ಬಂದ್ರೂ ಮುಖ ಬರತಾವು.

## ಆಳಕ್ಕ ಇಳದೋರಿಗೆ

ಕಲರ್ ನೆಗೆಟಿವ್ ಉಲ್ಟಾ ಮಾಡಿದ್ರ ಎಲ್ಲಾ ನೀಲಿ ಬರತೈತಿ, ನಾ ಏನ ತಪ್ಪ ಮಾಡಾಕತ್ತೀನಿ?

ತಪ್ಪು ನಿಮ್ಮದಲ್ಲ. ಕಲರ್ ನೆಗೆಟಿವ್ ಕಿತ್ತಳಿ ಬಣ್ಣದ್ದಿರತೈತಲ್ಲ, ಅದು ಬೇಕಂತ ಇಟ್ಟದ್ದು: ಫಿಲ್ಮಿನಾಗಿನ ಬಣ್ಣದ ರಸಾಯನಗಳು ಪೂರ್ತಿ ಶುದ್ಧ ಅಲ್ಲ, ಒಂದರ ಕೆಲಸದಾಗ ಇನ್ನೊಂದು ಕೈ ಹಾಕತೈತಿ, ಆ ತಪ್ಪು ಪ್ರಿಂಟಿನಾಗ ಬರಬಾರದು ಅಂತ ಈ ಕಿತ್ತಳಿ ಮುಸುಕು. ಪ್ರಿಂಟ್ ಹಾಕುವಾಗ ಸ್ಟುಡಿಯೋದವರು ಫಿಲ್ಟರಿಲೇ ಅದನ್ನ ಕಳೀತಿದ್ರು, ಈಗ ನಾವು ಸಾಫ್ಟ್‌ವೇರಿನಾಗ ಕಳೀಬೇಕು. ಅದಕ್ಕ ಪ್ರತಿ ರೋಲಿನಾಗ ಫ್ರೇಮಿನ ಹೊರಗಿನ ಖಾಲಿ ಅಂಚು ಒಂದೀಟು ಸೇರಿಸಿ ಹೊಡೀರಿ, ಆ ಅಂಚಿನ ಬಣ್ಣಾನ ಸಾಫ್ಟ್‌ವೇರಿಗೆ ತೋರಿಸಿ ಇದು ಏನೂ ಇಲ್ಲದ ಜಾಗಾ ಅಂತ ಹೇಳಬೇಕು. ಪುಕ್ಕಟ ಸಿಗೋ ಡಾರ್ಕ್‌ಟೇಬಲ್ ಸಾಫ್ಟ್‌ವೇರಿನಾಗ ನೆಗಾಡಾಕ್ಟರ್ ಅನ್ನೋ ಮಾಡ್ಯೂಲ್ ಇದಕ್ಕಂತ ಐತಿ, ಲೈಟ್‌ರೂಮ್ ಇದ್ದೋರು ನೆಗೆಟಿವ್ ಲ್ಯಾಬ್ ಪ್ರೋ ಹಾಕ್ಕೋತಾರ. ಒಂದು ರೋಲಿಗೆಲ್ಲಾ ಕ್ಯಾಮೆರಾದ ಎಕ್ಸ್‌ಪೋಜರ್, ವೈಟ್ ಬ್ಯಾಲನ್ಸ್ ಒಂದ ಇಡ್ರಿ. ಚರ್ಮದ ಬಣ್ಣ ಸರಿ ಮಾಡುವಾಗ ಆಟೋ ಗುಂಡಿ ನಂಬಬ್ಯಾಡ್ರಿ, ನಮ್ ಮಂದಿ ಮೈಬಣ್ಣ ಅದು ಸುಮ್ಮನ ಬಿಳಿ ಮಾಡಿಬಿಡತೈತಿ. ಅವ್ವ ಇದ್ದ ಬಣ್ಣದಾಗ ಅವ್ವ ಕಾಣಬೇಕು.

ಸ್ಕ್ಯಾನರಿನ ಧೂಳು ತಗಿಯೋ ಆಪ್ಶನ್ ಹಾಕಿದ್ರ ಬ್ಲ್ಯಾಕ್ ಅಂಡ್ ವೈಟ್ ನೆಗೆಟಿವ್ ಹಾಳಾಗಿ ಬರತಾವು, ಯಾಕ?

ಆ ಆಪ್ಶನ್ನಿಗೆ ಡಿಜಿಟಲ್ ಐಸ್ ಅಂತಾರ, ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿಲೇ ಧೂಳು ಹುಡುಕತೈತಿ. ಕಲರ್ ಫಿಲ್ಮಿನ ಬಣ್ಣ ಆ ಬೆಳಕಿಗೆ ಪಾರದರ್ಶಕ, ಧೂಳು ಅಷ್ಟ ಅಡ್ಡ ಬರತೈತಿ. ಬ್ಲ್ಯಾಕ್ ಅಂಡ್ ವೈಟ್‌ನ್ಯಾಗ ಚಿತ್ರಾನ ಬೆಳ್ಳಿ, ಬೆಳ್ಳಿ ಇನ್‌ಫ್ರಾರೆಡ್‌ಗೂ ಅಡ್ಡ ನಿಲ್ಲತೈತಿ, ಹಿಂಗಾಗಿ ಮಷೀನು ಚಿತ್ರಾನ ಧೂಳು ಅಂತ ಒರಸತೈತಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ರೋಲ್ ಆಗಲಿ, ಬ್ಯಾರೆ ಯಾವುದ ಬೆಳ್ಳಿ ಫಿಲ್ಮ್ ಆಗಲಿ, ಅದನ್ನ ಆಫ್ ಮಾಡಿ ಬ್ಲೋವರಿಲೇ ಧೂಳು ಊದ್ರಿ, ಬಾಯಿಲೇ ಊದಬ್ಯಾಡ್ರಿ, ಉಗುಳಿನ ಹನಿ ಬೀಳತೈತಿ. ಉಳದದ್ದು ಕಂಪ್ಯೂಟರಿನಾಗ ಒಂದೊಂದ ಚುಕ್ಕಿ ಕೈಲೇ ತಗೀಬೇಕು.

ಟಿಫ್ ಇಡಲೋ ಜೆಪೆಗ್ ಸಾಕೋ?

ಬಣ್ಣ ತಿದ್ದೋದು ಇನ್ನೂ ಬಾಕಿ ಇದ್ರ 16 ಬಿಟ್ ಟಿಫ್ (ವಿವರ ಪೂರಾ ಉಳಿಸೋ ದೊಡ್ಡ ಫೈಲ್), ಇಲ್ಲಾ ಕ್ಯಾಮೆರಾದ ರಾ. 21 ಮೆಗಾಪಿಕ್ಸೆಲ್ಲಿನ ಟಿಫ್ ಒಂದಕ್ಕ 120 ಎಂಬಿ ದಾಟತೈತಿ, ಎಲ್ಲಾದಕ್ಕೂ ಅದು ಬ್ಯಾಡ, ಮನಿತನದಾಗ ಮುಖ್ಯ ಅನ್ನೋ ನೂರು ಫೋಟೋಕ್ಕ ಇಡ್ರಿ. ಮಂದಿಗೆ ಕಳಸಾಕ ಜೆಪೆಗ್, ವಾಟ್ಸಾಪಿನಾಗ ಡಾಕ್ಯುಮೆಂಟ್ ಅಂತ ಕಳಸ್ರಿ, ಫೋಟೋ ಅಂತ ಕಳಿಸಿದ್ರ ಹಿಂಡಿ ಸಣ್ಣದ ಮಾಡತೈತಿ.

ಸಾವಿರಗಟ್ಟಲೆ ಸ್ಕ್ಯಾನ್ ಆದವು, ಈಗ ಯಾವುದು ಯಾರದು ಒಂದೂ ತಿಳಿವಲ್ದು. ಹೆಂಗ ಜೋಡಸಲಿ?

ಸ್ಕ್ಯಾನ್ ಮಾಡಿದ ಫೈಲಿನಾಗ ಸ್ಕ್ಯಾನ್ ಮಾಡಿದ ದಿನದ ತಾರೀಖು ಕುಂತಿರತೈತಿ, ಅಜ್ಜನ ಮದುವಿ ಮೊನ್ನೆ ಆದಂಗ ಮೊಬೈಲ್ ತೋರಸತೈತಿ. ಡಿಜಿಕ್ಯಾಮ್ ಸಾಫ್ಟ್‌ವೇರಿನಾಗ ತಾರೀಖು ತಿದ್ದಿ, ಫೋಟೋದೊಳಗ ಹೆಸರು, ಊರು ಬರೀರಿ. ಫೈಲಿನ ಹೆಸರು ವರ್ಷದಿಂದ ಶುರು ಮಾಡ್ರಿ, 1978, ಊರು, ಕಾರ್ಯಕ್ರಮ, ರೋಲ್ ನಂಬರ್, ಫ್ರೇಮ್ ನಂಬರ್, ಅದ ರೋಲ್ ನಂಬರ್ ನೆಗೆಟಿವ್ ಕವರ್ ಮ್ಯಾಲೂ ಪೆನ್ಸಿಲಿಲೇ ಬರೀರಿ. ಪ್ರತಿ ಫೋಟೋದ್ದು ಮೂರು ಕಾಪಿ ಇಡ್ರಿ, ಎರಡು ಬ್ಯಾರೆ ಹಾರ್ಡ್ ಡಿಸ್ಕಿನಾಗ, ಒಂದು ಬ್ಯಾರೆ ಊರಿನಾಗ ಇರೋ ತಮ್ಮನ ಮನ್ಯಾಗೋ ಕ್ಲೌಡ್‌ನ್ಯಾಗೋ, ಹೊಳಿ ದಂಡಿಯವರು ಈ ಮೂರನೇದನ್ನ ಮರೀಬ್ಯಾಡ್ರಿ. ಪೆನ್ ಡ್ರೈವ್ ಲೆಕ್ಕಕ್ಕಿಲ್ಲ.

ಹೆಸರು ಮಾತ್ರ ಸಾಫ್ಟ್‌ವೇರ್ ಹೇಳಂಗಿಲ್ಲ. ಸ್ಕ್ಯಾನ್ ಆದದ್ದನ್ನ ಟಿವಿಗೆ ಹಾಕಿ ಆಯಿನ್ನ, ದೊಡ್ಡವ್ವನ್ನ ಮುಂದ ಕುಂದರಿಸಿ ಒಂದೊಂದ ಫೋಟೋ ತೋರಿಸ್ರಿ, ಬಾಜೂಕ ಮೊಬೈಲ್ ರೆಕಾರ್ಡಿಂಗ್ ಹಚ್ಚಿಡ್ರಿ. ನಮ್ ದೊಡ್ಡವ್ವ 1970ರ ದಶಕದ ಒಂದು ಫೋಟೋದಾಗ ಹನ್ನೊಂದು ಮಂದಿ ಹೆಸರು ಹೇಳಿದ್ಲು, ಅವರ ಹಿಂದ ಇದ್ದ ಅಂಗಡಿ ಯಾರದು, ಬಾಜೂಕಿನ ಬೇವಿನ ಗಿಡ ಯಾವಾಗ ಕಡದ್ರು ಅಂತಾನೂ ಹೇಳಿದ್ಲು. ಆ ಅಂಗಡಿ ಈಗ ನೀರಿನ ಕೆಳಗೈತಿ. ಒಂದು ಮೂಲ್ಯಾಗ ನಿಂತ ಸಣ್ಣ ಹುಡುಗಿ ಹೆಸರು ಅಕಿಗೆ ನೆನಪಾಗಲಿಲ್ಲ, ಆ ಫೈಲಿನಾಗ "ಕೇಳಬೇಕು" ಅಂತ ಬರದಿಟ್ಟೀನಿ.